ಆರು ಕಪ್ಪು ಕುರ್ಚಿಗಳು

ಅತ್ತೆ ಇವತ್ತು ಸಂಜೆ ಜಗಳೂರಿನಿಂದ ಬರುತ್ತಾರೆ ಎಂಬುದು ಬೆಳಿಗ್ಗೆ ಹಾಲು ಕಾಯಿಸಲು ಇಟ್ಟಾಗ ನೆನಪಾಗಿ ಸಂಧ್ಯಾರಾಣಿಗೆ ಮತ್ತೆ ಹೋಗಿ ಮಲಗಿಬಿಡೋಣ ಅನ್ನಿಸಿತು. ನೆನಪಾಯಿತು ಅನ್ನುವುದೂ ಸುಳ್ಳೇ. ಮರೆತಿದ್ದರೆ ತಾನೆ ನೆನಪಾಗುವುದು. ನಾದಿನಿ ಮೊನ್ನೆ ಫೋನು ಮಾಡಿ "ಅವ್ವ ಇನ್ನು ಇಲ್ಲಿ ನಿಲ್ಲಲ್ಲಂತೆ, ಕಳಿಸಿಕೊಡ್ತೀನಿ" ಅಂದಾಗಿನಿಂದ ಅದು ಹಲ್ಲಿನ ಸಂದಿಗೆ ಸಿಕ್ಕ ಅಡಿಕೆಚೂರಿನ ಹಾಗೆ ಅಲ್ಲೇ ಕೂತಿತ್ತು, ಬೇಡವೆಂದರೂ ನಾಲಿಗೆ ಅಲ್ಲಿಗೇ ಹೋಗುತ್ತಿತ್ತು. ಅಡಿಗೆಮನೆಯ ಬಾಗಿಲಿನಿಂದ ನೋಡಿದರೆ ಊಟದ ಮೇಜು, ಅದರ ಸುತ್ತ ಆರು ಕುರ್ಚಿ; ಎಲ್ಲವೂ ಕಪ್ಪು. ಹೊಳಪಿಲ್ಲದ, ಮಸಿ ಮೆತ್ತಿದಂಥ ಕಪ್ಪು. ಬಿಳಿಯ ಗೋಡೆಗೆ ಅದು ಎಷ್ಟು ಚೆನ್ನಾಗಿ ಒಪ್ಪಿತ್ತೆಂದರೆ, ಕೊನೆಯ ಕುರ್ಚಿಗೆ ಮೇಣ ತಿಕ್ಕಿ ಮುಗಿಸಿದ ದಿನ ಅವಳು ಇದೇ ಬಾಗಿಲಲ್ಲಿ ನಿಂತು, ಚನ್ನಗಿರಿಯ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಮೊದಲ ಸಲ, ಇದು ನನ್ನ ಮನೆ ಅಂದುಕೊಂಡಿದ್ದಳು. ಅಂದುಕೊಂಡ ಮರುಗಳಿಗೆಯೇ ಕಣ್ಣು ಒಂದೊಂದೇ ಕುರ್ಚಿಯ ಮೇಲೆ ಹುಡುಕುತ್ತ ಹೋಗಿತ್ತು. ಆ ಆರರಲ್ಲಿ ಒಂದು ಮಾವನವರ ಕುರ್ಚಿ. ಯಾವುದು ಎಂದು ಅವಳಿಗೆ ಗೊತ್ತಿಲ್ಲ. ಅತ್ತೆ ಬಂದು ಕೇಳಿದರೆ ಏನು ಹೇಳಬೇಕೆಂದೂ ಗೊತ್ತಿಲ್ಲ. ಹಾಲು ಉಕ್ಕಿ ಒಲೆಯ ಮೇಲೆ ಸುರಿದ ವಾಸನೆ ಬಂತು.

ಮಾವನವರ ಕುರ್ಚಿ ಎಂದರೆ ಮಾವ ಜಯದೇವಪ್ಪನವರು ಬದುಕಿದ್ದಾಗ ಕೂರುತ್ತಿದ್ದ ಕುರ್ಚಿ ಅಂತಲ್ಲ. ಬದುಕಿದ್ದಾಗ ಅವರು ಯಾವುದರಲ್ಲಿ ಬೇಕಾದರೂ ಕೂರುತ್ತಿದ್ದರು, ಆರೂ ಅವರವೇ. ನ್ಯಾಮತಿಯಲ್ಲಿ ಯಾರೋ ಹಳೇ ಮನೆ ಕೆಡವಿದಾಗ ಸಾಗುವಾನಿ ತೊಲೆ ತಂದು, ಬಡಗಿಯನ್ನು ಹಿತ್ತಲಲ್ಲೇ ಇಟ್ಟುಕೊಂಡು, ಎಲ್ಲವನ್ನೂ ಒಂದೇ ಅಚ್ಚಿನಲ್ಲಿ ಮಾಡಿಸಿದ್ದರು. ಕೊರೊನಾ ಕಳೆದ ಮಾರನೇ ವರ್ಷ ಅವರು ತೀರಿಕೊಂಡರು. ಇವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಕೈಗೆ ಸಿಕ್ಕಿದ ಒಂದು ಕುರ್ಚಿಯನ್ನು ಪಡಸಾಲೆಗೆ ಎಳೆದು, ಅದರಲ್ಲಿ ಅವರನ್ನು ಕೂರಿಸಿ, ಜಾರದಂತೆ ಎದೆಗೆ ಹಗ್ಗ ಬಿಗಿದು, ಮೇಲೆ ಶಾಲು ಹೊದಿಸಿ, ಹಣೆ ತುಂಬ ವಿಭೂತಿ ಹಚ್ಚಿದರು. ಮಾರನೆಯ ಮಧ್ಯಾಹ್ನದವರೆಗೆ ಊರಿನವರು ಬಂದು ಅವರನ್ನು ಹಾಗೇ ನೋಡಿಹೋದರು. ಅವರನ್ನು ಮಣ್ಣಿಗೆ ಒಯ್ದ ಮೇಲೆ ಕುರ್ಚಿ ಮನೆಯಲ್ಲಿ ಉಳಿಯಿತು. ಬೆನ್ನಿನ ಪಟ್ಟಿಯ ಮೇಲೆ ಹಗ್ಗ ಉಜ್ಜಿ ವಾರ್ನಿಷ್ ಕಿತ್ತು, ಮರಕ್ಕೂ ಗೀರು ಬಿದ್ದ ಗುರುತಿತ್ತು. ಮಠಕ್ಕೆ ಕೊಡಿ ಎಂದರು ಕೆಲವರು, ಹೊಳೆಗೆ ಬಿಡಿ ಎಂದರು ಕೆಲವರು. ಅತ್ತೆ ಕಸ್ತೂರಮ್ಮ ಯಾರ ಮಾತಿಗೂ ಸೊಪ್ಪು ಹಾಕದೆ ಅದನ್ನು ದೇವರಮನೆಯ ಬಾಗಿಲ ಪಕ್ಕ ಇಟ್ಟುಕೊಂಡರು. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಕುರ್ಚಿಯ ಬೆನ್ನಿಗೆ ವಿಭೂತಿ ಎಳೆದು, ಎದುರಿಗೆ ಚಾಪೆ ಹಾಸಿ ಕೂತು, ಅಂದಿನ ವರದಿ ಒಪ್ಪಿಸುವುದು ಅವರ ಪದ್ಧತಿಯಾಯಿತು. "ಕರೆಂಟ್ ಇರಲಿಲ್ಲ ರೀ ಇವತ್ತು. ನಿಮ್ಮ ಸೊಸೆ ಸಾರಿಗೆ ಉಪ್ಪು ಜಾಸ್ತಿ ಹಾಕಿದ್ಲು. ಬಸವರಾಜ ಏನೂ ಅನ್ನಲಿಲ್ಲ, ನೀರು ಕುಡಕಂಡು ಉಂಡ." ಅಡಿಗೆಮನೆಯಲ್ಲಿ ನಿಂತವಳ ಕಿವಿಗೆ ಒಂದಕ್ಷರ ಬಿಡದೆ ಬೀಳುತ್ತಿತ್ತು. ಮನುಷ್ಯ ಹೋದರೂ ಅವರಿಗೆ ತನ್ನ ಮೇಲೆ ಹೇಳುವ ಚಾಡಿ ನಿಲ್ಲಲಿಲ್ಲವಲ್ಲ ಎಂದು ಅವಳಿಗೆ ಒಮ್ಮೊಮ್ಮೆ ನಗು ಬರುತ್ತಿತ್ತು, ಬಹಳ ಸಲ ಅಳು ಬರುತ್ತಿತ್ತು.

ಕಪ್ಪು ಬಣ್ಣದ ಹುಚ್ಚು ಹತ್ತಿದ್ದು ಆಮೇಲೆ. ದಾವಣಗೆರೆಯಲ್ಲಿ ಓದುವ ಮಗಳು ಪೂಜಾ ಒಂದು ಭಾನುವಾರ ಮನೆಗೆ ಬಂದಾಗ ಫೋನಿನಲ್ಲಿ ಯಾವುದೋ ದೇಶದ ಹೆಂಗಸು ಹಳೇ ಬೀರುವಿಗೆ ಕಪ್ಪು ಚಾಕ್ ಪೇಂಟ್ ಬಳಿಯುವುದನ್ನು ತೋರಿಸಿದ್ದಳು. ಮಗಳು ಅರ್ಧಕ್ಕೇ ಬಿಟ್ಟು ಬೇರೇನೋ ನೋಡತೊಡಗಿದಳು; ತಾಯಿ ಮಾತ್ರ ಅದನ್ನು ಆಮೇಲೆ ಎಷ್ಟು ಸಲ ನೋಡಿದಳೋ. ಆ ಹೆಂಗಸು ಮಾತಾಡುತ್ತಿರಲಿಲ್ಲ, ಅವಳನ್ನು ಯಾರೂ ಮಾತಾಡಿಸುತ್ತಲೂ ಇರಲಿಲ್ಲ. ಬ್ರಷ್ ಎಳೆದಷ್ಟಕ್ಕೂ ಕಲೆ, ಗೀಚು, ಹಳತು ಎಲ್ಲ ಮುಚ್ಚಿಹೋಗುತ್ತಿತ್ತು. ಚನ್ನಗಿರಿಯ ಅಂಗಡಿಯಲ್ಲಿ ಅಂಥ ಡಬ್ಬಿ ಸಿಗಲಿಲ್ಲ. ಕಪ್ಪು ಗೋಡೆಬಣ್ಣಕ್ಕೆ ಪಿಒಪಿ ಪುಡಿಯನ್ನು ಗಂಟಿಲ್ಲದಂತೆ ನೀರಿನಲ್ಲಿ ಕಲಸಿ ಹಾಕಿದರೆ ಅದೇ ಆಗುತ್ತದೆಂದು ಇನ್ನೊಂದು ವಿಡಿಯೋದಿಂದ ತಿಳಿಯಿತು. ದೋಸೆಹಿಟ್ಟು ಕಲಸಿದ ಕೈಗೆ ಅದೇನು ಕಷ್ಟ. ಮೊದಲು ಒಂದು ಸ್ಟೂಲು, ಆಮೇಲೆ ಟೀವಿ ಸ್ಟ್ಯಾಂಡು, ಆಮೇಲೆ ತವರು ಹೊನ್ನಾಳಿಯಿಂದ ಬಂದ ಅಲಮಾರು. ಗಂಡ ಬಸವರಾಜ ಅಲಮಾರನ್ನು ಉಗುರಿನಿಂದ ಗೀರಿ ನೋಡಿ, "ಇದ್ರ ಮ್ಯಾಲೆ ಸೀಮೆಸುಣ್ಣದಾಗೆ ಬರೀಬೋದಾ? ಅಂಗಡಿ ರೇಟು ಬರೆದು ಹಾಕಾಕೆ ಚೆನ್ನಾಗಿರ್ತೈತೆ" ಎಂದ. ಅವನದು ಗೊಬ್ಬರದ ಅಂಗಡಿ. ಪಕ್ಕದ ಮನೆಯ ಅಂತರಘಟ್ಟಮ್ಮ ಮೊಸರಿನ ಹೆಪ್ಪಿಗೆಂದು ಬಂದವಳು ಬಾಗಿಲಲ್ಲೇ ನಿಂತು, "ಏನವ್ವ, ಶನಿಮಹಾತ್ಮನ್ನ ಮನೆಗೇ ಕರಕಂಡು ಬಂದು ಕುಂದ್ರಿಸೀಯ" ಎಂದು ನಕ್ಕಳು. ಅತ್ತೆ ಮಾತ್ರ, "ಕಾಡಿಗೆ ಕಣ್ಣಿಗೆ ಚಂದ ಕಣವ್ವ, ಮನೆಗಲ್ಲ" ಎಂದಿದ್ದರು. ಮಾವನವರ ಕುರ್ಚಿ ಮುಟ್ಟಬೇಡ ಎಂದು ಅವರು ಹೇಳಿರಲಿಲ್ಲ. ಮುಟ್ಟುತ್ತಾಳೆಂದು ಅವರಿಗೆ ಹೊಳೆದೇ ಇರಲಾರದು.

ಬಸವರಾಜ ಸೋಫಾದಲ್ಲಿ ಕೂತು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದ. ಕುರ್ಚಿಗಳಿಗೆ ಬಣ್ಣವಾದಾಗಿನಿಂದ ಅವನ ಊಟ ತಿಂಡಿಯೆಲ್ಲ ಅಲ್ಲೇ. ಮೊದಲ ದಿನ ರೂಢಿಯಂತೆ ಮೇಜಿಗೆ ಬಂದು, ಒಂದು ಕುರ್ಚಿ ಎಳೆದು, ಇನ್ನೇನು ಕೂರಬೇಕು ಅನ್ನುವಷ್ಟರಲ್ಲಿ ತಲೆಯೆತ್ತಿ "ಇದು ಅಪ್ಪಂದಲ್ಲ ತಾನೆ?" ಎಂದಿದ್ದ. ಅವಳು ತಡಮಾಡಿದ್ದು ನೋಡಿ ತಟ್ಟೆ ಎತ್ತಿಕೊಂಡು ಹೋದವನು ಹಿಂತಿರುಗಿ ಬರಲಿಲ್ಲ. ಬೈಯಲಿಲ್ಲ ಕೂಡ. ಬೈದಿದ್ದರೆ ಒಂದು ಜಗಳವಾದರೂ ಆಗಿ ಮುಗಿಯುತ್ತಿತ್ತು.

"ಸಂಜೆ ಅತ್ತೆ ಬರ್ತಾರೆ," ಎಂದಳು.

"ಗೊತ್ತು. ಬಸ್ ಸ್ಟ್ಯಾಂಡಿಗೆ ನಾನೇ ಹೋಗ್ತೀನಿ."

"ನೀವೇ ಹೇಳಿಬಿಡ್ರಿ, ದಾರಿಯಾಗೆ."

"ಏನಂತ ಹೇಳ್ಲಿ? ಅಪ್ಪನ್ನ ಕಳೆದೀವಿ ಅಂತಲಾ?" ಅವನು ತಟ್ಟೆಯಲ್ಲಿ ಕಡಲೆಬೀಜ ಹುಡುಕುತ್ತ ಅವಳ ಮುಖ ನೋಡದೆ ಹೇಳಿದ. "ನೋಡು, ಅವ್ವನ ಕಣ್ಣು ಮಂದ. ಯಾವುದೋ ಒಂದು ತೋರ್ಸು. ಆರರಾಗೆ ಒಂದಂತೂ ಹೌದಲ್ಲ."

"ಅದಲ್ಲದಿದ್ರೆ?"

"ಯಾರಿಗೆ ಗೊತ್ತಾಗ್ತೈತೆ?" ಎಂದು ಎದ್ದು ಕೈ ತೊಳೆಯಲು ಹೋದ. ನಲ್ಲಿಯ ಸದ್ದಿನಲ್ಲಿ ಇನ್ನೇನೋ ಹೇಳಿದ, ಅವಳಿಗೆ ಕೇಳಲಿಲ್ಲ. ನನಗೆ ಗೊತ್ತಾಗುತ್ತದಲ್ಲ ಎಂದು ಅವಳು ಹೇಳಬೇಕೆಂದುಕೊಂಡಿದ್ದಳು. ಆದರೆ ಅದೂ ಸರಿಯಲ್ಲ. ಅವಳಿಗೇ ಗೊತ್ತಿಲ್ಲ ಅನ್ನುವುದೇ ತಾನೇ ಈಗಿನ ಕಷ್ಟ.

ಗಂಡ ಅಂಗಡಿಗೆ ಹೋದ ಮೇಲೆ ಬಾಗಿಲಿಗೆ ಬೀಗ ಹಾಕಿ ನಲ್ಲೂರು ರಸ್ತೆಯ ಕಡೆ ನಡೆದಳು. ಬಡಗಿ ಅಲ್ತಾಫನ ಶೆಡ್ಡು ಅಲ್ಲಿದೆ. ಬಿಸಿಲು ಆಗಲೇ ಏರಿತ್ತು. ಫೋನಿನಲ್ಲಿ ಕೇಳಿದರೆ ಸಾಕಿತ್ತು, ಎರಡು ಸಲ ಕೇಳಿಯೂ ಆಗಿತ್ತು; ಆದರೂ ಎದುರಿಗೆ ನಿಂತರೆ ಅವನಿಗೆ ಏನಾದರೂ ನೆನಪಾದೀತು ಎಂಬ ಆಸೆ. ಆಸೆಯೋ, ಮನೆಯಲ್ಲಿ ಆ ಆರರ ಜೊತೆ ಒಬ್ಬಳೇ ಇರಲಾರದ ಸಂಕಟವೋ. ಐದು ಕುರ್ಚಿ ಉಜ್ಜಿಕೊಡಬೇಕು ಎಂದೇ ಅವನನ್ನು ಕರೆಸಿದ್ದಳು. ವಾರ್ನಿಷ್ ಹೋಗದಿದ್ದರೆ ಬಣ್ಣ ಕೂರುವುದಿಲ್ಲ. ಆಗ ಅತ್ತೆ ಮಗಳ ಮನೆಗೆಂದು ಜಗಳೂರಿಗೆ ಹೋಗಿ ನಾಲ್ಕು ದಿನವೂ ಆಗಿರಲಿಲ್ಲ. ಅವನು ಗಾಡಿಗೆ ಐದನ್ನೂ ಏರಿಸಿ ಹಗ್ಗ ಕಟ್ಟುವಾಗ ಒಳಗಿನಿಂದ ದೇವರಮನೆಯ ಬಾಗಿಲ ಪಕ್ಕದ ಕುರ್ಚಿ ಅವಳನ್ನೇ ನೋಡುತ್ತಿರುವ ಹಾಗೆ ಇತ್ತು. ಬೆನ್ನ ಮೇಲೆ ಅತ್ತೆ ಹೋಗುವ ದಿನ ಎಳೆದ ವಿಭೂತಿ ಅರ್ಧ ಉದುರಿತ್ತು. ಎಲ್ಲ ಕಪ್ಪಾಗಿ ಅದೊಂದು ಮಾತ್ರ ಕಂದಾಗಿ ಅಲ್ಲಿ ಕೂತಿರುತ್ತದೆ, ಬಂದವರೆಲ್ಲ ಮೊದಲು ಅದನ್ನೇ ನೋಡುತ್ತಾರೆ, ಅದೇನು ಎಂದು ಕೇಳುತ್ತಾರೆ ಅಂದುಕೊಂಡಳು. ಹಾಗೆ ಅಂದುಕೊಂಡದ್ದು ನಿಜವೋ, ಆಮೇಲೆ ಕಟ್ಟಿಕೊಂಡದ್ದೋ ಈಗ ಹೇಳುವುದು ಕಷ್ಟ. ಬಾಯಿಂದ ಬಂದದ್ದು ಮಾತ್ರ ನೆನಪಿದೆ: "ಅದನ್ನೂ ತಗಂಡು ಹೋಗಪ್ಪ." ಎಷ್ಟು ಹಗುರವಾಗಿ ಬಂತು ಆ ಮಾತು.

ಅಲ್ತಾಫ ಪಾಲಿಶ್ ಪೇಪರಿನಿಂದ ಬಾಗಿಲ ಪಟ್ಟಿಯೊಂದನ್ನು ಉಜ್ಜುತ್ತಿದ್ದ. ಅವನ ಹೆಂಡತಿ ಅರ್ಷಿಯಾ ಸ್ಟೂಲು ಒರೆಸಿ ತಂದಿಟ್ಟು, ಬೇಡವೆಂದರೂ ಕೇಳದೆ ಚಾ ಮಾಡಲು ಒಳಗೆ ಹೋದಳು.

"ಮತ್ತೆ ಅದೇನಾ ಅಕ್ಕಾ?" ಎಂದ ಅಲ್ತಾಫ. "ನಾನು ಹೇಳಿದ್ನಲ್ಲ, ಎಲ್ಲಾ ಒಂದೇ ಅಚ್ಚು. ಏನು ಗುರ್ತಿತ್ತು ಅಂತ ಬಿಡಿಸಿ ಹೇಳ್ರಿ."

ಫೋನಿನಲ್ಲಿ ಅವಳು ಗುರುತು ಎಂದಷ್ಟೇ ಹೇಳಿದ್ದಳು, ಎಂಥದೆಂದು ಹೇಳಿರಲಿಲ್ಲ. "ಬೆನ್ನಿನ ಪಟ್ಟಿ ಮ್ಯಾಲೆ ಗೀರಿದಂಗೆ ಇತ್ತು. ಅಡ್ಡಡ್ಡ."

"ಹಾಂ! ಹಗ್ಗ ಉಜ್ಜಿದಂಗೆ!" ಅವನ ಮುಖ ಅರಳಿತು. "ಇತ್ತು, ಇತ್ತು. ಒಂದರಾಗೆ ಇತ್ತು. ಅಯ್ಯೋ ಅಕ್ಕಾ, ಅದು ಹೋಗಾಕೆ ಎಷ್ಟು ಕಾಡ್ತು ಅಂತೀರಿ. ದಪ್ಪ ಪೇಪರ್ ಹಾಕಿ ಉಜ್ಜಿದೆ, ಹೋಗಲಿಲ್ಲ. ಪಟ್ಟೀನೇ ಬಿಚ್ಚಿ ರಂದ ಹೊಡೆದೆ. ಈಗ ಕೈಯಾಡ್ಸಿ ನೋಡ್ರಿ, ಬೆಣ್ಣೆ ಸವರಿದಂಗಿರ್ತೈತೆ. ಯಾರಿಗಾದ್ರೂ ಗೊತ್ತಾದ್ರೆ ಕೇಳ್ರಿ."

"ಯಾವುದಕ್ಕೆ ಅಂತ ನೆನಪಿಲ್ಲ?"

"ನೆನಪಿಟ್ಕಂಡು ಏನು ಮಾಡ್ಲಿ ಅಕ್ಕಾ, ಎಲ್ಲಾ ಒಂದೇ ತರ ಕಾಣಬೇಕು ಅಂದವರು ನೀವೇ ಅಲ್ವಾ." ತಪ್ಪೇನಾದರೂ ಆಯಿತೇನೋ ಎಂಬ ಅನುಮಾನ ಅವನ ಕಣ್ಣಿನಲ್ಲಿ ಮೂಡುವುದನ್ನು ನೋಡಿ ಅವಳು ಬೇಗ ಬೇಗ, ಇಲ್ಲಪ್ಪ, ಬಹಳ ಚೆನ್ನಾಗಿ ಮಾಡೀಯ ಎಂದಳು. ಅರ್ಷಿಯಾ ಚಾ ತಂದಳು, ಸಕ್ಕರೆ ಜಾಸ್ತಿಯಾಗಿತ್ತು. ಸತ್ತ ಮನುಷ್ಯನನ್ನು ಕಟ್ಟಿದ ಹಗ್ಗ ಅದು ಎಂದು ಹೇಳಿದ್ದರೆ ಅವನು ಅಷ್ಟು ಮುತುವರ್ಜಿಯಿಂದ ಉಜ್ಜುತ್ತಿರಲಿಲ್ಲ, ಒಂದು ದಾರವನ್ನಾದರೂ ಕಟ್ಟಿ ಕಳಿಸುತ್ತಿದ್ದ. ಅವಳೇ ಕಟ್ಟಬಹುದಿತ್ತು, ಗಾಡಿಗೆ ಏರಿಸುವ ಮುಂಚೆ. ಒಂದು ದಾರ. ಮನೆಯಲ್ಲಿ ದಾರಕ್ಕೇನು ಬರ.

ವಾಪಸು ಬರುವಾಗ ರಸ್ತೆಯ ಅಂಚಿನ ನೆರಳು ಹುಡುಕಿಕೊಂಡು ನಡೆದಳು. ಹೆಗಲು ನೋಯುತ್ತಿತ್ತು, ಬಣ್ಣ ಬಳಿದ ನೋವು ಇನ್ನೂ ಇಳಿದಿರಲಿಲ್ಲ. ಹೆಗಲು ಅನ್ನುವಾಗ ಮಾವ ತೀರಿಕೊಂಡ ದಿನದ ಆ ಹೆಗಲು ನೆನಪಾಯಿತು. ಗಂಡಸರೆಲ್ಲ ಹಗ್ಗ ಹುಡುಕಲು, ಶಾಮಿಯಾನಕ್ಕೆ, ಹೂವಿಗೆ ಎಂದು ಚದುರಿಹೋಗಿದ್ದರು. ಅತ್ತೆ ಗೋಡೆಗೆ ತಲೆಯಿಟ್ಟು ಬಿದ್ದಿದ್ದರು, ನಾದಿನಿ ಇನ್ನೂ ಜಗಳೂರಿನ ದಾರಿಯಲ್ಲಿದ್ದಳು. ಕುರ್ಚಿಯಲ್ಲಿ ಕೂರಿಸಿದ್ದ ಮಾವ ಎಡಕ್ಕೆ ವಾಲತೊಡಗಿದರು. ಯಾರೂ ಇಲ್ಲದೆ ಅವಳೇ ಓಡಿಹೋಗಿ ಎರಡೂ ಕೈಯಿಂದ ಅವರ ಹೆಗಲು ಹಿಡಿದು ನಿಂತಳು. ಹಬ್ಬಕ್ಕೆ ಕಾಲು ಮುಟ್ಟಿದ್ದು ಬಿಟ್ಟರೆ ಅವರನ್ನು ಅವಳು ಮುಟ್ಟಿದ್ದು ಅದೇ ಮೊದಲು. ಮದುವೆಯಾಗಿ ಬಂದ ಹೊಸದರಲ್ಲಿ, ಹೊನ್ನಾಳಿಯ ಮನೆಯಲ್ಲಿ ಅಪ್ಪನ ಪಕ್ಕ ಒಂದೇ ಬೆಂಚಿನ ಮೇಲೆ ಕೂತು ಉಂಡು ಬೆಳೆದವಳಿಗೆ ಏನೂ ಅನ್ನಿಸದೆ, ಅವರೆದುರು ಊಟದ ಮೇಜಿನ ಕುರ್ಚಿಯಲ್ಲಿ ಕೂತುಬಿಟ್ಟಿದ್ದಳು. ಮಾವ ಅರ್ಧ ಉಂಡ ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೊರಗೆ ಹೋದರು. ಆ ತಟ್ಟೆಯನ್ನು ತೊಳೆದವಳು ಅವಳೇ. ಆಮೇಲೆ ಅವಳು ಆ ಆರರಲ್ಲಿ ಯಾವುದರಲ್ಲೂ ಕೂರಲಿಲ್ಲ. ಬಡಿಸುತ್ತ ನಿಂತು, ಎಲ್ಲರದು ಮುಗಿದ ಮೇಲೆ ಅಡಿಗೆಮನೆಯಲ್ಲಿ ನೆಲದ ಮೇಲೆ ಕೂತು ಉಂಡಳು. ಅವರ ತಣ್ಣಗಿನ ಹೆಗಲು ಹಿಡಿದು ನಿಂತಿದ್ದಾಗ, ಅವರ ತಲೆ ಅವಳ ಮೊಣಕೈಗೆ ತಾಗುತ್ತಿದ್ದಾಗ, ಅವಳ ಮನಸ್ಸಿಗೆ ಬಂದದ್ದು ದುಃಖವಲ್ಲ. ಇನ್ನು ಮೇಲೆ ಕೂರಬಹುದು, ಅಷ್ಟೇ ಬಂದದ್ದು. ಅಂಥ ಹೊತ್ತಿನಲ್ಲಿ ಅಂಥ ಮಾತು ಬಂದ ಮನಸ್ಸು ಎಂಥದಿರಬೇಕು ಎಂದು ಅವಳಿಗೆ ಇವತ್ತಿಗೂ ನಾಚಿಕೆ. ಕೂರಲಂತೂ ಇಲ್ಲ, ಅವರು ಹೋದ ಮೇಲೂ ಯಾಕೋ ಕೂರಲಾಗಲಿಲ್ಲ.

ಮಧ್ಯಾಹ್ನ ಉಣ್ಣದೆ ಕುರ್ಚಿಗಳನ್ನು ಒಂದೊಂದಾಗಿ ಮಗುಚಿ, ಫೋನಿನ ಬೆಳಕು ಹಾಕಿಕೊಂಡು ಅಡಿಯನ್ನೆಲ್ಲ ನೋಡಿದಳು. ಕಾಲಿನ ಒಳಮೈ, ಕೂರುವ ಹಲಗೆಯ ಕೆಳಭಾಗ, ಮೊಳೆಯ ತಲೆ. ಅಲ್ಲೆಲ್ಲ ಬಣ್ಣ ಬಳಿಯದೆ ಬಿಡಬಹುದಿತ್ತು, ಯಾರು ನೋಡುತ್ತಾರೆ. ಆದರೆ ಅವಳು ಬಳಿದಿದ್ದಳು. ಆ ಮೂರು ನಾಲ್ಕು ಮಧ್ಯಾಹ್ನ ತಾರಸಿಯ ಮೇಲೆ ಒಬ್ಬಳೇ ಕೂತು, ಮೊದಲ ಕೈ ಒಣಗುವವರೆಗೆ ಕಾದು, ಎರಡನೇ ಕೈ ಬಳಿದು, ಮೇಣ ಹಚ್ಚಿ ಬಟ್ಟೆಯಿಂದ ತಿಕ್ಕಿದ್ದನ್ನು ನೆನೆದರೆ ಈಗಲೂ ಮನಸ್ಸಿಗೆ ಹಿತವಾಗುತ್ತದೆ. ಅಷ್ಟು ಸಮಾಧಾನದ ಮಧ್ಯಾಹ್ನಗಳು ಅವಳಿಗೆ ಬೇರೆ ಸಿಕ್ಕಿರಲಿಲ್ಲ. ಬರಿಯ ಮರವಾಗಿ ಬಂದ ಆರನ್ನೂ ಸಾಲಾಗಿಟ್ಟು ನೋಡಿದಾಗಲೇ ಮಾವನವರದು ಯಾವುದೆಂದು ತಿಳಿಯದೆ ಹೋಗಿತ್ತು. ಬಣ್ಣ ಬಳಿಯುವಾಗ ಗೊತ್ತಾಗಬಹುದು, ಕೈಗೆ ತಿಳಿಯಬಹುದು ಎಂದು ತನಗೆ ತಾನೇ ಹೇಳಿಕೊಂಡು ಮುಂದುವರಿದಿದ್ದಳು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲು ಮನಸ್ಸಿರಲಿಲ್ಲ, ಅದು ನಿಜ. ಮಗುಚಿದ ಕುರ್ಚಿಗಳನ್ನು ಎತ್ತಿ ನಿಲ್ಲಿಸಿ ನೋಡಿದರೆ ಕಪ್ಪಿನ ಮೇಲೆಲ್ಲ ಅವಳ ಬೆವರುಗೈಯ ಗುರುತು ಬಿದ್ದಿತ್ತು. ಒರೆಸಬೇಕೆನ್ನಿಸಿ ಬಟ್ಟೆ ತಂದು, ಒರೆಸದೆ ನೆಲದ ಮೇಲೆ ಕೂತಳು. ಅತ್ತೆ, ಕುರ್ಚಿ ಬೆರೆತುಹೋಗಿದೆ, ನನ್ನ ತಪ್ಪು. ಬಾಯಿಬಿಟ್ಟು ಹೇಳಿ ನೋಡಿದಳು. ಸುಲಭವಾಗಿಯೇ ಇತ್ತು. ಅತ್ತೆ ಬೈಯಲಿ, ಅಳಲಿ, ಜಗಳೂರಿಗೆ ವಾಪಸು ಹೋಗುತ್ತೇನೆ ಅನ್ನಲಿ. ಸುಳ್ಳು ಹೇಳಿ ಅದನ್ನು ದಿನಾ ಸಂಜೆ ಕೇಳಿಸಿಕೊಳ್ಳುವುದಕ್ಕಿಂತ ಅದೇ ಮೇಲು. ಹೇಳಿಬಿಡುವುದು ಎಂದು ಗಟ್ಟಿಯಾದ ಮೇಲೆ ಹಸಿವಾಯಿತು, ಎದ್ದು ಬೆಳಗಿನ ಮಂಡಕ್ಕಿಯನ್ನೇ ಎರಡು ಹಿಡಿ ತಿಂದಳು.

ದೀಪ ಹಚ್ಚುವ ಹೊತ್ತಿಗೆ ಆಟೋ ನಿಂತ ಸದ್ದಾಯಿತು. ಬಸವರಾಜ ಎರಡು ಕೈಯಲ್ಲೂ ಚೀಲ ಹಿಡಿದು ಮುಂದೆ ಬಂದ. ದಾರಿಯಲ್ಲಿ ಅತ್ತೆಗೆ ಹೇಳಿಲ್ಲ ಎಂಬುದು ಅವನು ನೆಲ ನೋಡುತ್ತ ನೇರ ಒಳಗೆ ಹೋದ ರೀತಿಯಲ್ಲೇ ಗೊತ್ತಾಯಿತು. ಕಸ್ತೂರಮ್ಮ ಮೆಟ್ಟಿಲ ಹತ್ತಿರ ನಿಂತು ಸೆರಗಿನಿಂದ ಮುಖದ ಧೂಳು ಒರೆಸಿಕೊಂಡರು. ತಿಂಗಳೊಳಗೆ ಇನ್ನಷ್ಟು ಸಣ್ಣಗಾಗಿದ್ದರು.

"ಚೆನ್ನಾಗಿದೀಯೇನೆ?" ಎಂದರು. "ರೊಟ್ಟಿ ಕೊಟ್ಟಾಳೆ ನಿನ್ನ ನಾದಿನಿ, ನಂಚಿಕೊಳ್ಳಾಕೆ ಶೇಂಗಾ ಹಿಂಡಿ ಕೊಟ್ಟಾಳೆ. ಮೊದ್ಲು ಚೀಲ ಬಿಚ್ಚು, ಎಣ್ಣೆ ಬಿಟ್ಟಿರ್ತೈತೆ. ಅಯ್ಯೋ, ಬಸ್ಸಿನಾಗೆ ಕೂತೂ ಕೂತೂ ಸೊಂಟ ಹಿಡಕಂಡ್ಬಿಟ್ಟೈತೆ."

ಕೈಕಾಲು ತೊಳೆದು ಅವರು ರೂಢಿಯಂತೆ ದೇವರಮನೆಯ ಕಡೆ ನಡೆದರು. ಬಾಗಿಲ ಪಕ್ಕದ ಜಾಗ ಖಾಲಿ ಇತ್ತು. ಅಲ್ಲೇ ಸ್ವಲ್ಪ ಹೊತ್ತು ನಿಂತು, ತಿರುಗಿ, ಊಟದ ಮೇಜಿನ ಕಡೆ ಕಣ್ಣು ಕಿರಿದು ಮಾಡಿ ನೋಡಿದರು.

"ಎಲ್ಲಾದಕ್ಕೂ ಬಳಿದ್ಬಿಟ್ಟೆ?"

"ಹ್ಞೂ, ಅತ್ತೆ."

ಅವರು ನಿಧಾನವಾಗಿ ಮೇಜಿನ ಹತ್ತಿರ ಬಂದು ಮೊದಲ ಕುರ್ಚಿಯ ಬೆನ್ನಿನ ಪಟ್ಟಿಯ ಮೇಲೆ ಅಂಗೈ ಸವರಿದರು. "ಬರೆಯೋ ಪಾಟಿ ಮುಟ್ಟಿದಂಗೈತಲ್ಲೇ," ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ಎರಡನೆಯದರ ಹತ್ತಿರ ಹೋದರು. ಸಂಧ್ಯಾರಾಣಿ ಈಗ ಹೇಳಬೇಕು ಅಂದುಕೊಂಡಳು. ಮೂರನೆಯದು, ನಾಲ್ಕನೆಯದು. ಪಟ್ಟಿಯ ಉದ್ದಕ್ಕೂ ಬೆರಳು ಹೋಗಿ, ನಿಂತು, ಹಿಂದಕ್ಕೆ ಬಂದು, ಮತ್ತೆ ಹೋಗುತ್ತಿತ್ತು. ಎಲ್ಲ ಮುಗಿದ ಮೇಲೆ ಅವರು ಮತ್ತೆ ಮೊದಲನೆಯದರಿಂದ ಶುರು ಮಾಡಿದರು. ಈ ಸಲ ಕೈ ಅವಸರ ಮಾಡುತ್ತಿತ್ತು. ಅರ್ಧ ಸುತ್ತಿಗೇ ನಿಂತು ಅವಳ ಕಡೆ ತಿರುಗಿದಾಗ ಅವರ ಮುಖ ಸಂತೆಯಲ್ಲಿ ಕೈ ತಪ್ಪಿದ ಮಗುವಿನ ಮುಖವಾಗಿತ್ತು.

"ಅವರೆಲ್ಲಿ ಸಂಧ್ಯಾ?"

ಯಾವುದು ಎಂದು ಕೇಳುತ್ತಾರೆ ಅಂದುಕೊಂಡಿದ್ದಳು. ಯಾವ ಕುರ್ಚಿ ಎಂದು ಕೇಳಿದ್ದರೆ, ಗೊತ್ತಿಲ್ಲ ಅತ್ತೆ ಎನ್ನಬಹುದಿತ್ತು. ಮಧ್ಯಾಹ್ನವೆಲ್ಲ ಆಡಿ ನೋಡಿದ ಮಾತು ಈ ಪ್ರಶ್ನೆಗೆ ಉತ್ತರವೇ ಅಲ್ಲ. ಬಸವರಾಜ ರೂಮಿನ ಬಾಗಿಲಲ್ಲಿ ಅಂಗಿ ಬಿಚ್ಚುವುದನ್ನು ಅರ್ಧಕ್ಕೆ ನಿಲ್ಲಿಸಿ ನಿಂತಿದ್ದ. ಅವಳ ಕೈ ತಾನಾಗಿ ಎದ್ದಿತು.

"ಇಲ್ಲೇ ಅದಾರಲ್ಲ ಅತ್ತೆ. ಗೋಡೆ ಕಡೀದು."

"ಖರೆ?"

"ಖರೆ ಅತ್ತೆ. ನಾನು ಗುರ್ತು ಇಟ್ಕಂಡೇ ಬಳಿದಿದ್ದು." ಎರಡನೆಯ ಸುಳ್ಳಿಗೆ ಮೊದಲನೆಯದರಷ್ಟೂ ಕಷ್ಟವಾಗಲಿಲ್ಲ.

ಕಸ್ತೂರಮ್ಮ ಉಸಿರು ಬಿಟ್ಟು ಆ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಬಸವರಾಜ ಹೇಳಿಸಿಕೊಳ್ಳದೇ ಬಂದು ಅದನ್ನು ಎತ್ತಿ ದೇವರಮನೆಯ ಪಕ್ಕಕ್ಕೆ ಇಟ್ಟ. ದೀಪ ಹಚ್ಚಿ, ವಿಭೂತಿ ನೆನೆಸಿ, ಅವರು ಮೂರು ಬೆರಳಿನಿಂದ ಪಟ್ಟಿಯ ಮೇಲೆ ಎಳೆದರು. ಕಂದು ಮರದ ಮೇಲೆ ಇದ್ದೂ ಇಲ್ಲದಂತಿರುತ್ತಿದ್ದ ಗೆರೆಗಳು ಆರುತ್ತ ಆರುತ್ತ ಕಪ್ಪಿನ ಮೇಲೆ ಬೆಳ್ಳಗೆ ಎದ್ದು ಕಂಡವು. ಅವರು ಹಿಂದೆ ಸರಿದು ನೋಡಿ, ಬಾಯಿಗೆ ಸೆರಗು ಹಿಡಿದು ನಕ್ಕರು. "ಬಾರೇ ಇಲ್ಲಿ, ನೋಡು. ಥೇಟ್ ಅವರ ಹಣೆನೇ! ಮೊದ್ಲು ಹಚ್ಚಿದ್ರೆ ಕಾಣ್ತಾನೇ ಇರಲಿಲ್ಲ. ಅವರೂ ಇಷ್ಟೇ ಕರ್ರಗಿದ್ರಲ್ಲ." ಜಯದೇವಪ್ಪನವರು ನಿಜಕ್ಕೂ ಬಹಳ ಕಪ್ಪಗಿದ್ದರು. ಸಂಧ್ಯಾರಾಣಿ ಹೌದು ಅತ್ತೆ ಎಂದು ಒಳಗೆ ಹೋಗಿ ಒಲೆ ಹಚ್ಚಿದಳು.

ಚಾಪೆ ಹಾಸಿದ ಸದ್ದಾಯಿತು. ಆಮೇಲೆ ದಿನದ ವರದಿ ಶುರುವಾಯಿತು. "ನಾ ಬಂದೆ ರೀ. ಮಗಳು ಇರು ಇರು ಅಂದ್ಲು, ನನಗೇ ಮನಸ್ಸಿರಲಿಲ್ಲ. ಜಗಳೂರಾಗೆ ಏನು ಬಿಸಿಲು ಅಂತೀರಿ. ನಿಮ್ಮನ್ನ ಒಬ್ಬರನ್ನೇ ಬಿಟ್ಟು ಹೋದ್ನಲ್ಲ ಅಂತ ಅಲ್ಲಿ ನಿದ್ದೀನೇ ಬರ್ತಿರಲಿಲ್ಲ." ದನಿ ತಗ್ಗಿಸಿ ಮುಂದುವರಿಸಿದರು. "ಆದ್ರೂ ಜ್ವಾಪಾನ ಮಾಡ್ಯಾಳೆ ಕಣ್ರೀ ಸೊಸೆ. ನಾವು ಅವಳನ್ನ ಏನೇನೋ ಅಂದ್ಕಂಡ್ವಿ. ನಾನಿಲ್ದಾಗ ನಿಮ್ಮನ್ನ ಗುರ್ತು ಇಟ್ಕಂಡು ಚಂದ ಮಾಡಿ ಕುಂದ್ರಿಸ್ಯಾಳೆ." ಸಂಧ್ಯಾರಾಣಿ ಸೌಟು ಹಿಡಿದವಳು ಹಾಗೇ ನಿಂತಳು. ಅವರ ಮುಂದೆ ತನ್ನ ಬಗ್ಗೆ ಒಂದು ಒಳ್ಳೆಯ ಮಾತು ಬೀಳಲಿ ಎಂದು ಎಷ್ಟು ವರ್ಷ ಕಿವಿಗೊಟ್ಟಿದ್ದಳು. ಈಗ ಬಿತ್ತು. ಮಾತು ನಿಜವಾಗಿರಲಿಲ್ಲ, ಕೇಳಬೇಕಾದವರು ಅಲ್ಲಿ ಇದ್ದರೋ ಇಲ್ಲವೋ ಅದೂ ಗೊತ್ತಿರಲಿಲ್ಲ.

ಕಸ್ತೂರಮ್ಮನಿಗೆ ಬೇಗ ಉಣ್ಣುವ ಅಭ್ಯಾಸ. ಸಂಧ್ಯಾರಾಣಿ ಸಾರಿನ ಪಾತ್ರೆ ತಂದು ಮೇಜಿನ ಮೇಲಿಡುವಾಗ ಬಸವರಾಜ ಹತ್ತಿರ ಬಂದು ಪಿಸುದನಿಯಲ್ಲಿ "ಅದೇ ಅಂತ ಖಾತ್ರಿ ಆತಾ? ಅಲ್ತಾಫ ಹೇಳಿದ್ನಾ?" ಎಂದ. ಅವಳು ಅವನನ್ನು ನೋಡಿ ಸಾರಿನ ಪಾತ್ರೆಯ ಮುಚ್ಚಳ ತೆಗೆದಳು. ಅವನಿಗೆ ಅಷ್ಟೇ ಸಾಕಿತ್ತು. ಬಾಕಿ ಐದರಲ್ಲಿ ಒಂದನ್ನು ಸದ್ದಾಗುವಂತೆ ಎಳೆದು, ಕಾಲು ಚಾಚಿ, ಬೆನ್ನು ಪೂರ್ತಿ ಆನಿಸಿ ಕೂತು, "ಹಾ, ಮೇಜಿನಾಗೆ ಉಂಡ್ರೇನೆ ಉಂಡಂಗೆ," ಎಂದ. ಅವಳಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಸಿಟ್ಟಿಗೂ ಒಂದಿಷ್ಟು ಶಕ್ತಿ ಬೇಕಲ್ಲ.

ತಟ್ಟೆ ಇಟ್ಟು, ರೂಢಿಯಂತೆ ಗೋಡೆಗೆ ಸರಿದು ನಿಂತವಳ ಕೈಯಿಂದ ಕಸ್ತೂರಮ್ಮ ಸೌಟು ಕಿತ್ತುಕೊಂಡರು.

"ಕುಂದ್ರು ನೀನು."

"ನೀವು ಉಣ್ರಿ ಅತ್ತೆ. ನಾನು ಆಮೇಲೆ..."

"ಆಮ್ಯಾಲೆ ಆಮ್ಯಾಲೆ ಅಂತ ನಿನ್ನ ಕೂದಲೂ ಬೆಳ್ಳಗಾದವು. ಕುಂದ್ರೇ. ಅವರದು ಅವರ ಜಾಗದಾಗೆ ಐತೆ, ಇವೆಲ್ಲಾ ಬರೇ ಕುರ್ಚಿ. ಇನ್ಯಾರ ಭಯ ನಿನಗೆ?" ಅವರು ಒಂದು ಕುರ್ಚಿ ಎಳೆದು, ಅವಳ ತೋಳು ಹಿಡಿದು ಅದರ ಮುಂದೆ ತಂದು ನಿಲ್ಲಿಸಿದರು. "ಅವತ್ತು ಅವರು ಬೀಳ್ತಿದ್ದಾಗ ನಮ್ಮೋರು ಯಾರೂ ಇರಲಿಲ್ಲ. ಹೆಗಲು ಹಿಡಕಂಡು ನಿಂತವಳು ನೀನು. ನಾನು ಗೋಡೆಗೆ ತಲೆಯಿಟ್ಟು ಬಿದ್ದಿದ್ದೆ, ಆದ್ರೂ ನೋಡಿದೀನಿ. ಅವರು ಇದ್ದಿದ್ರೆ ಈಗ ಅವರೇ ಕುಂದ್ರಮ್ಮ ಅಂತಿದ್ರು. ಕುಂದ್ರು, ಇವತ್ತು ನಾನು ಬಡಿಸ್ತೀನಿ."

ಅವರ ಕೈ ಅವಳ ಹೆಗಲ ಮೇಲೆ ಒತ್ತಿತು. ಹೇಳಿಬಿಡಬೇಕು, ಈಗ ಹೇಳದಿದ್ದರೆ ಇನ್ನು ಹೇಳಲಾಗುವುದಿಲ್ಲ ಎಂದು ಅವಳಿಗೆ ಸ್ಪಷ್ಟವಾಗಿ ಅನ್ನಿಸಿತು. ಬಸವರಾಜ ರೊಟ್ಟಿ ಮುರಿಯುವ ಸದ್ದು ಕೇಳುತ್ತಿತ್ತು. ದೇವರಮನೆಯ ಪಕ್ಕದ ಕಪ್ಪು ಕುರ್ಚಿಯ ಮೇಲೆ ವಿಭೂತಿ ಒಣಗಿ ಬೆಳ್ಳಗಿತ್ತು. ಸಂಧ್ಯಾರಾಣಿ ಕೂತಳು. ಕಸ್ತೂರಮ್ಮ ತಟ್ಟೆಗೆ ಜಗಳೂರಿನ ರೊಟ್ಟಿ ಹಾಕಿ, ಶೇಂಗಾ ಹಿಂಡಿಯ ಪಕ್ಕಕ್ಕೆ ಒಂದು ಸೌಟು ಮೊಸರು ಬಿಟ್ಟು, ಅವಳ ಮುಖ ನೋಡಿ ಕಕ್ಕುಲತೆಯಿಂದ ಹೇಳಿದರು: "ಎಷ್ಟು ದಣಿದೀಯೇ. ಬೆನ್ನು ಆನ್ಸಿ ಕೂತ್ಕ, ಆರಾಮಾಗಿ."

"ಹ್ಞೂ ಅತ್ತೆ," ಎಂದಳು ಸಂಧ್ಯಾರಾಣಿ. ಬೆನ್ನು ಹಿಂದಿನ ಪಟ್ಟಿಗೆ ಎಲ್ಲಿಯೂ ತಾಗದಂತೆ ಕುರ್ಚಿಯ ಅಂಚಿನಲ್ಲಿ ನೆಟ್ಟಗೆ ಕೂತು ಉಂಡಳು.